ಮಗಳ ಸೈನ್ಸ್ ಸ್ಕೂಲು, ಮನೆಯವರ ಪರೀಕ್ಷೆ

ಟೋಕಿಯೋದ ಫುನಾಬೊರಿಯ ನಮ್ಮ ಫ್ಲ್ಯಾಟಿನಲ್ಲಿ ಒಬ್ಬರು ಹಠ ಹಿಡಿದರೆ ನಗೆಪಾಟಲಾಗುವುದು ಮಿಕ್ಕವರು. ಕೊರೋನಾ ಕಾಲದಲ್ಲಿ ಹಠ ಹಿಡಿದವಳು ಮಗಳು. ವಿಜ್ಞಾನ, ತಂತ್ರಜ್ಞಾನಕ್ಕೆಂದೇ ಇರುವ ಸರ್ಕಾರಿ ಹೈಸ್ಕೂಲಿಗೇ ಸೇರಬೇಕು, ಬೇರೆ ಯಾವುದೂ ಬೇಡ ಎಂದಳು. ಪ್ರವೇಶಕ್ಕೆ ಸಂದರ್ಶನ ಇರುತ್ತದೆ, ಅದೂ ಜಪಾನಿಯಲ್ಲಿ.

"ಕಷ್ಟ ಆಗಲ್ವೇನೇ?" ಅಂದೆ.

"ಆಗತ್ತೆ. ಅದಕ್ಕೇ ಈಗಿಂದ ಓದ್ತಿದೀನಿ" ಅಂದಳು.

ಕುರ್ಚಿ ಪ್ರೇಮ

ಯಾವ ಹೈಸ್ಕೂಲು ಎಂದು ಮಾತಾಡಲು ಅವಳ ಕ್ಲಾಸ್ ಟೀಚರು ನನ್ನನ್ನೂ ಅವಳನ್ನೂ ಕರೆದರು. ನಡುವೆ ಪ್ಲಾಸ್ಟಿಕ್ ಪರದೆ, ಎಲ್ಲರ ಮುಖಕ್ಕೂ ಮಾಸ್ಕ್. ನನ್ನ ಜಪಾನಿ ಮೂಲೆಯಂಗಡಿ ಕೊಂಬಿನಿಯಲ್ಲಿ ಹಾಲು ಕೊಳ್ಳುವುದಕ್ಕೆ ಸಾಕಾಗುವಷ್ಟು. ಆದರೂ "ನನ್ನ ಮಗಳಿಗೆ ವಿಜ್ಞಾನ ಅಂದ್ರೆ ಪ್ರಾಣ" ಎಂಬ ಒಂದು ವಾಕ್ಯವನ್ನು ಬಾಯಿಪಾಠ ಮಾಡಿದ್ದೆ. ವಿಜ್ಞಾನಕ್ಕೆ ಇಲ್ಲಿ 'ಕಾಗಾಕು' ಅನ್ನುತ್ತಾರೆ. ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು 'ಕಾಗು'. ಹಾಗೆಂದರೆ ಕುರ್ಚಿ, ಮೇಜು, ಮಂಚ.

ಟೀಚರು ಗಂಭೀರವಾಗಿ ತಲೆಯಾಡಿಸಿ, ಮರಗೆಲಸ ಕಲಿಸುವ ಶಾಲೆಯೊಂದರ ವಿವರ ಹೇಳತೊಡಗಿದರು. ಮಗಳು "ಸುಮಿಮಾಸೆನ್, ಕ್ಷಮಿಸಿ, ಅಮ್ಮ ಹೇಳಿದ್ದು ವಿಜ್ಞಾನ" ಎಂದು ತಿದ್ದಿದಳು.

ಟೀಚರು ಉಸಿರುಬಿಟ್ಟು, "ಹಾಗೋ? ನನಗೂ ಆಶ್ಚರ್ಯ ಆಯ್ತು. ಈ ಹುಡುಗಿ ಕುರ್ಚಿ ಮೇಲೆ ನೆಟ್ಟಗೆ ಕೂತಿದ್ದನ್ನೇ ನಾನು ನೋಡಿಲ್ಲ" ಅಂದರು.

ಬಾಗಿಲು ತಟ್ಟುವ ವಿದ್ಯೆ

ಸಂದರ್ಶನದಲ್ಲಿ ಬಾಗಿಲು ತಟ್ಟುವುದರಿಂದಲೇ ಪರೀಕ್ಷೆ ಶುರು. ಮೆಲ್ಲಗೆ ತಟ್ಟಬೇಕು, "ಒಳಗೆ ಬರಲೇ" ಎಂದು ವಿನಯದಿಂದ ಕೇಳಬೇಕು, ಆಮೇಲೆ ಬಾಗಬೇಕು. ನಮ್ಮ ಮನೆಯಲ್ಲಿ ರೂಮುಗಳಿಗೆಲ್ಲ ಜಾರುಬಾಗಿಲು. ತಟ್ಟಿ ತೆರೆಯುವಂಥದ್ದು ಟಾಯ್ಲೆಟ್ಟಿನ ಬಾಗಿಲೊಂದೇ. ಮಗಳು ಅದರ ಮುಂದೆಯೇ ಅಭ್ಯಾಸಕ್ಕೆ ನಿಂತಳು.

ಒಂದು ಬೆಳಿಗ್ಗೆ ಒಳಗೆ ಅವರಪ್ಪ ಇದ್ದದ್ದು ಅವಳಿಗೆ ಗೊತ್ತಿರಲಿಲ್ಲ. ತಟ್ಟಿದಳು, ಅಚ್ಚ ಜಪಾನಿಯಲ್ಲಿ ಅಪ್ಪಣೆ ಕೇಳಿದಳು. ಇವರಿಗೆ ಐಟಿ ಕಂಪನಿಯಲ್ಲಿ ವರ್ಷಗಟ್ಟಲೆ ಜಪಾನಿ ಸಹೋದ್ಯೋಗಿ ತನಾಕಾ ಸಾನ್ ಜೊತೆ ಕೆಲಸ ಮಾಡಿದ ಅಭ್ಯಾಸಬಲ. ಒಳಗಿನಿಂದಲೇ ಗಟ್ಟಿಯಾಗಿ, "ದೋಜೋ, ಬನ್ನಿ, ಕೂತ್ಕೊಳ್ಳಿ" ಅಂದರು.

ಅರ್ಧ ಗೆಳತಿ

ಸೀಟು ಸಿಕ್ಕಿತು. ನಾನು ಅತ್ತುಬಿಟ್ಟೆ, ಅವಳು ಅಳಲಿಲ್ಲ, ಫಿಸಿಕ್ಸ್ ಪುಸ್ತಕ ತೆರೆದಳು. ಶಾಲೆಯಲ್ಲಿ ದಿನವಿಡೀ ಮಾಸ್ಕ್, ಊಟದ ಹೊತ್ತಿನಲ್ಲೂ ಎಲ್ಲರೂ ಮುಂದೆ ನೋಡಿಕೊಂಡು ಮೌನವಾಗಿ ತಿನ್ನಬೇಕು. ಮೊದಲ ಟರ್ಮ್ ಮುಗಿದಾಗ, "ನಿನ್ನ ಲ್ಯಾಬ್ ಜೊತೆಗಾತಿ ನೋಡೋಕೆ ಹೇಗಿದಾಳೆ?" ಎಂದು ಕೇಳಿದೆ.

"ಹುಬ್ಬು ಚೆನ್ನಾಗಿದೆ ಅಮ್ಮ. ಕೆಳಗಡೆದು ಇನ್ನೂ ನೋಡಿಲ್ಲ."

ಬ್ಯಾಕಪ್

ಪ್ರತಿ ವಿದ್ಯಾರ್ಥಿಯೂ ಒಂದು ಸಂಶೋಧನೆ ಮಾಡಬೇಕಿತ್ತು. ಟೋಕಿಯೋದ ಚಳಿಗೆ ದೋಸೆ ಹಿಟ್ಟು ಹುದುಗುವುದಿಲ್ಲ ಎಂಬ ನನ್ನ ಗೋಳನ್ನೇ ಮಗಳು ವಿಷಯ ಮಾಡಿಕೊಂಡಳು. ಸೂಪರ್ ಮಾರ್ಕೆಟ್ಟಿನಿಂದ ಮೀನಿನ ಥರ್ಮಾಕೋಲ್ ಡಬ್ಬ ತಂದು, ಒಳಗೆ ಪುಟ್ಟ ಹೀಟರ್, ಸೆನ್ಸರ್ ಕೂಡಿಸಿದಳು. ಮೊದಲ ಸಲ ಹಿಟ್ಟು ಬೆಂದುಹೋಯಿತು. ಎರಡನೇ ಸಲ ಮೀನಿನ ವಾಸನೆ. ಇವರು "ಸಾಕು ಬಿಡಮ್ಮ" ಅಂದರು. ಅವಳು ಮತ್ತೆ ಅಕ್ಕಿ ನೆನೆಹಾಕಿದಳು. ಚಳಿಗಾಲವೆಲ್ಲ ನಾವು ಅವಳ ಸೋಲುಗಳನ್ನೇ ಚಟ್ನಿ ಹಚ್ಚಿಕೊಂಡು ತಿಂದೆವು.

ಕೊನೆಗೆ ಹಿಟ್ಟು ಉಬ್ಬಿತು. ಸೋಂಕು ಮತ್ತೆ ಹೆಚ್ಚಾಗಿದ್ದರಿಂದ ಸಂಶೋಧನಾ ಸ್ಪರ್ಧೆಯ ಮಂಡನೆ ಆನ್‌ಲೈನಿನಲ್ಲೇ. ಮಗಳು ಲ್ಯಾಪ್‌ಟಾಪ್ ಮುಂದೆ ಕೂತಳು. ಹಿಂದಿನ ಮೇಜಿನ ಮೇಲೆ ಡಬ್ಬ. ತೀರ್ಪುಗಾರರೊಬ್ಬರು, "ಹಿಟ್ಟು ಮಿತಿಮೀರಿ ಉಬ್ಬಿದರೆ?" ಎಂದು ಕೇಳಿದರು.

"ಉಬ್ಬುವುದಿಲ್ಲ. ನಿಯಂತ್ರಣ ವ್ಯವಸ್ಥೆ ಇದೆ" ಅಂದಳು.

ಅಷ್ಟರಲ್ಲಿ ಅವಳ ಬೆನ್ನ ಹಿಂದೆ ಮುಚ್ಚಳ ಮೆಲ್ಲಗೆ ಮೇಲೇಳತೊಡಗಿತು. ಕ್ಯಾಮೆರಾಕ್ಕೆ ಕಾಣಬಾರದೆಂದು ನಾನು ಅಂಬೆಗಾಲಲ್ಲಿ ಹೋಗಿ, ಕೈ ಮಾತ್ರ ಮೇಲೆತ್ತಿ ಮುಚ್ಚಳ ಒತ್ತಿದೆ. ಬೆರಳ ಸಂದಿಯಿಂದ ಹಿಟ್ಟು ಇಳಿದು ತಲೆ ಮೇಲೆ ಬಿತ್ತು. "ಅಯ್ಯೋ ರಾಮ" ಅಂದುಬಿಟ್ಟೆ.

ಪರದೆಯಾಚೆಯ ಮುಖಗಳೆಲ್ಲ ಹತ್ತಿರ ಬಂದವು. ಆಮೇಲೆ ತೀರ್ಪುಗಾರರು, "ಆ ಬಳೆ ಹಾಕಿದ ಕೈ... ಅದೂ ವ್ಯವಸ್ಥೆಯ ಭಾಗವೇ?" ಅಂದರು.

ಮಗಳು ತಿರುಗಿಯೂ ನೋಡಲಿಲ್ಲ. "ಹೌದು. ಅದು ಬ್ಯಾಕಪ್."

ಮುಂದಿನ ಸುತ್ತಿಗೆ ಅವಳು ಆಯ್ಕೆಯಾದಳು. ತೀರ್ಪುಗಾರರು ಹೇಳಿ ಕಳಿಸಿದ್ದು ಇಷ್ಟೆ: "ಬ್ಯಾಕಪ್ ವೇಗ ಅತ್ಯುತ್ತಮ. ಶಬ್ದ ಮಾತ್ರ ಸ್ವಲ್ಪ ಕಡಿಮೆಯಾಗಬೇಕು."