ನಮ್ಮ ವಠಾರದಲ್ಲಿ ಯಾರೂ ಸಾಯುತ್ತಿರಲಿಲ್ಲ

ಕಾದಂಬರಿ ಓದಿ ಕಣ್ಣೀರು ಹಾಕುವವರು ಎಲ್ಲ ಊರಲ್ಲೂ ಇದ್ದಾರೆ. ಕಾದಂಬರಿ ಕೇಳಿ ಬೀದಿಜಗಳಕ್ಕೆ ಟೊಂಕ ಕಟ್ಟುತ್ತಿದ್ದವರು ಮಾತ್ರ ವಿದ್ಯಾರಣ್ಯಪುರಂನ ನಮ್ಮ ವಠಾರದ ಹೆಂಗಸರು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದ ಕಾಲ. ನಾನು ಹೊಸ ಸೊಸೆ. ಲೋವರ್ ಸೆಕೆಂಡರಿ ಪಾಸಾಗಿದ್ದೆ ಎಂಬ ಒಂದೇ ತಪ್ಪಿಗೆ, ಮಧ್ಯಾಹ್ನ ಊಟವಾದ ಮೇಲೆ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳುವ ಕೆಲಸ ನನ್ನ ತಲೆಗೆ ಬಂತು.

ಅವರೆಕಾಳಿನ ಸಾರು

ಕಥೆ ಕೇಳುವಾಗ ಯಾರೂ ಕೈಕಟ್ಟಿ ಕೂರುತ್ತಿರಲಿಲ್ಲ. ಒಬ್ಬರು ಅಕ್ಕಿ ಆರಿಸುವರು, ಇನ್ನೊಬ್ಬರು ಬತ್ತಿ ಹೊಸೆಯುವರು. ಅವರೆಯ ಕಾಲ ಬಂದರೆ ಎಲ್ಲರ ಮುಂದೂ ನೆನೆಸಿದ ಕಾಳು. ಹಿತುಕಿ ಹಿತುಕಿ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಒಂದು ದಿನ ಕಥೆಯಲ್ಲಿ ಅಪ್ಪ ತೀರಿಕೊಂಡ, ಚಿಕ್ಕಪ್ಪ ಮಕ್ಕಳನ್ನು ಮನೆಯಿಂದ ಆಚೆ ಹಾಕಿದ. ಗುರುತು ಪರಿಚಯ ಇಲ್ಲದ ಜಟಕಾದವನೊಬ್ಬ ಅವರನ್ನು ಕರೆದುಕೊಂಡು ಹೋಗಿ ಅನ್ನ ಇಟ್ಟ. ಅಲ್ಲಿಗೆ ಎಲ್ಲರ ಸೆರಗೂ ಕಣ್ಣಿಗೆ ಹೋಯಿತು. ಸಂಜೆ ನೋಡಿದರೆ ಬೇಳೆಯೆಲ್ಲ ಕಲಗಚ್ಚಿನ ಬಾನಿಯಲ್ಲಿ, ಸಿಪ್ಪೆಯೆಲ್ಲ ಸಾರಿನ ಪಾತ್ರೆಯಲ್ಲಿ. ಪಕ್ಕದ ಮನೆಯ ಯಜಮಾನರು ಉಣ್ಣಲು ಕೂತು, "ಇದ್ಯಾವ ಸೀಮೆ ಸಾರೇ?" ಅಂದರು. "ತಬ್ಬಲಿ ಮಕ್ಳು ಬೀದಿಪಾಲಾಗವೆ, ನಿಮ್ಗೆ ಸಾರಿನ್ ಯೋಚ್ನೆ. ಸುಮ್ನೆ ಉಣ್ಣಿ" ಅಂದರು ಅವರ ಹೆಂಡತಿ.

ಇಲ್ಲದ ತಮ್ಮ

ಬತ್ತಿ ಹೊಸೆಯುತ್ತಿದ್ದವರು ಮೂಲೆಮನೆಯ ದೊಡ್ಡಮ್ಮ. ಅವರ ಒಬ್ಬಳೇ ಮಗಳು ಹಿಂದಿನ ವರ್ಷ ಹೆರಿಗೆಯಲ್ಲಿ ಹೋಗಿದ್ದಳು. ಅವರ ಎದುರು ಆ ಮಾತು ಎತ್ತಕೂಡದು ಅಂತ ವಠಾರದಲ್ಲಿ ಕಟ್ಟುನಿಟ್ಟು. ಕಾದಂಬರಿ ಬರೆದವರಿಗೆ ಅದು ಹೇಗೆ ಗೊತ್ತಾಗಬೇಕು? ನಾಯಕಿ ಹೆರಿಗೆಯಲ್ಲಿ ಸಾಯುವ ಪುಟ ಬಂದೇಬಿಟ್ಟಿತು. ಪುಣ್ಯಕ್ಕೆ ಎರಡು ಸಾಲು ಮೊದಲೇ ನನ್ನ ಕಣ್ಣಿಗೆ ಬಿತ್ತು. ದೊಡ್ಡಮ್ಮನ ಕೈ ಆಗಲೇ ನಿಂತಿತ್ತು. "ತಾಯಿ ಮಗು ಇಬ್ಬರೂ ಸುಖವಾಗಿದ್ದರು" ಎಂದು ಓದಿ ಪುಟ ತಿರುವಿದೆ.

ಸುಖ ಅವರಿಗೆ, ಕಷ್ಟ ನನಗೆ. ಮುಂದಿನ ಅಧ್ಯಾಯದಲ್ಲೇ ಗಂಡನಿಗೆ ಎರಡನೇ ಮದುವೆ. "ಹೆಂಡ್ತಿ ಬಾಣಂತಿ ಕ್ವಾಣೇಲಿರೋವಾಗ್ಲೇ ಇನ್ನೊಂದ್ ಮದ್ವೆನಾ? ಅವನ ಮನೆ ಹಾಳಾಗ" ಎಂದು ಹೆಂಗಸರು ರೇಗಿದರು.

"ಮದುವೆ ಅವನದಲ್ಲ, ಅವನ ತಮ್ಮನದು" ಅಂದೆ.

"ಇಷ್ಟ್ ದಿನ ಈ ತಮ್ಮ ಎಲ್ಲಿದ್ದ?"

"ಮಿಲಿಟರಿಯಲ್ಲಿ."

"ಮೊದ್ಲೇ ಹೇಳ್ಬಾರ್ದಾ" ಎಂದು ಸಮಾಧಾನಗೊಂಡರು. ಆಮೇಲೆ ನಮ್ಮ ವಠಾರದ ಕಾದಂಬರಿಗಳಲ್ಲಿ ಸಾಯಬೇಕಾದವರೆಲ್ಲ ಕಾಶಿಗೋ ಮಿಲಿಟರಿಗೋ ಹೋದರು.

ಹೊಸ ಮುದ್ರಣ

ಅದೇ ಕಾದಂಬರಿಯನ್ನು ಹಿಂದಿನ ಬೀದಿಯವರೂ ಓದಿದ್ದರು. ನಲ್ಲಿಯ ಹತ್ತಿರ ಮಾತಿಗೆ ಮಾತು ಬೆಳೆಯಿತು. "ಸತ್ತೋದ್ಲು ಕಣ್ರೀ, ನಾವೇ ಅತ್ತಿದ್ದೀವಿ" ಅಂತ ಅವರು. "ನಮ್ ಪುಸ್ತಕದಲ್ಲಿ ಗಟ್ಟಿಮುಟ್ಟಾಗವ್ಳೆ, ನಾಮಕರಣಾನೂ ಆಯ್ತು" ಅಂತ ನಮ್ಮವರು. ಕೊಡಗಳನ್ನು ಅಲ್ಲೇ ಬಿಟ್ಟು, ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಅಂಗಡಿಗೆ ಎಲ್ಲರೂ ನುಗ್ಗಿದರು. ಹಿಂದೆ ನಾನು, ಬೆವರುತ್ತ.

ಅಂಗಡಿಯ ಯಜಮಾನರು ಹಣೆತುಂಬ ವಿಭೂತಿಯ, ನಗುವನ್ನೇ ಕಂಡರಿಯದ ಮನುಷ್ಯ. ಪುಸ್ತಕದ ಮೂಲೆ ಮಡಿಸಿದರೂ ಸಾಕು, ಕೆಂಗಣ್ಣು ಬಿಡುತ್ತಿದ್ದರು. ಎಲ್ಲ ಕೇಳಿಸಿಕೊಂಡು ನನ್ನ ಮುಖ ನೋಡಿದರು. ನಾನು ಗುಂಪಿನಲ್ಲಿದ್ದ ದೊಡ್ಡಮ್ಮನನ್ನು ಕಣ್ಣಲ್ಲೇ ತೋರಿಸಿದೆ. ಮಗಳ ವಿಷಯ ಅವರಿಗೂ ತಿಳಿದಿತ್ತು. ಹಿಂದಿನ ಬೀದಿಯವರ ಕಡೆ ತಿರುಗಿ ಗದರಿದರು: "ನಿಮ್ದು ಹಳೇ ಮುದ್ರಣ ಕಣ್ರಮ್ಮ. ಹೊಸದ್ರಲ್ಲಿ ಡಾಕ್ಟ್ರು ಬೇಗ ಬಂದ್ಬುಡ್ತಾರೆ. ಬದುಕ್ಕೋತಾಳೆ."

ದೊಡ್ಡಮ್ಮನ ಓದು

ಮರುವರ್ಷ ನನ್ನ ಚೊಚ್ಚಲ ಮಗು ಜ್ವರದಲ್ಲಿ ಹೋಯಿತು. ವಠಾರದವರು ನನಗೂ ಅದೇ ಉಪಚಾರ ಮಾಡಿದರು. ತೊಟ್ಟಿಲು ಅಟ್ಟ ಸೇರಿತು. ಬಂದವರೆಲ್ಲ ಮಗುವಿನ ಮಾತೊಂದು ಬಿಟ್ಟು ಬಿಸಿಲು, ಸೌದೆ ಅಂತ ಏನೇನೋ ಮಾತಾಡಿ ಎದ್ದು ಹೋದರು. ಅದು ಎಂಥ ಭಾರ ಅಂತ ಆಗ ತಿಳಿಯಿತು. ದೊಡ್ಡಮ್ಮನ ಮೇಲೂ ಇದನ್ನೇ ಹೇರಿದ್ದೆವು. ಮಗಳ ಹೆಸರು ಅವರ ಬಾಯಲ್ಲಿ ಬರಲೂ ಬಿಟ್ಟಿರಲಿಲ್ಲ. ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ನಾನು ಅಳಲೂ ಇಲ್ಲ, ಪುಸ್ತಕ ಮುಟ್ಟಲೂ ಇಲ್ಲ. ಒಂದು ಮಧ್ಯಾಹ್ನ ದೊಡ್ಡಮ್ಮ ತಾವೇ ಅಂಗಡಿಗೆ ಹೋಗಿ ಪುಸ್ತಕ ತಂದು, ಎಲ್ಲರನ್ನೂ ನಮ್ಮ ಮನೆಗೆ ಕರೆದು ಕೂರಿಸಿದರು. ಒಂದಕ್ಷರವೂ ಬಾರದ ದೊಡ್ಡಮ್ಮ, ಪುಸ್ತಕ ಬಿಡಿಸಿ ಓದತೊಡಗಿದರು: "ಒಬ್ಳಿಗೆ ಒಂದ್ ಮಗು ಇತ್ತು. ಗುಂಡ್ಗುಂಡಗಿತ್ತು. ಜ್ವರ ಬಂದು ಸತ್ತೋಯ್ತು."

ಹೆಂಗಸರು ಗಾಬರಿಯಾಗಿ, "ಸುಮ್ಕಿರಿ ದೊಡ್ಡಮ್ಮ" ಎಂದು ಅವರ ಕೈ ಹಿಡಿದರು.

"ಬುಡಿ, ಇದ್ರಲ್ಲಿ ಅಂಗೇ ಬರ್ದದೆ. ಅವ್ವ ಜೋರಾಗಿ ಅತ್ಲು. ಎಲ್ರೂ ಅವಳ ಪಕ್ಕದಲ್ಲೇ ಕೂತಿದ್ರು."

ನಾನು ಬಿಕ್ಕಿ ಬಿಕ್ಕಿ ಅತ್ತೆ. ದೊಡ್ಡಮ್ಮನೂ ಮಗಳ ಹೆಸರು ಹಿಡಿದು ಕರೆದು ಅತ್ತರು. ಯಾರೂ ಯಾರನ್ನೂ ತಡೆಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು ನೋಡಿ, "ದೊಡ್ಡಮ್ಮ, ಪುಸ್ತಕ ತಲೆಕೆಳಗಾಗಿ ಹಿಡಿದಿದ್ದೀರಿ" ಅಂದೆ.

"ಆಗ್ಲಿ ಬುಡು" ಅಂದರು ಅವರು. "ನೀನ್ ಮಾತ್ರ ನೆಟ್ಟಗೆ ಹಿಡ್ಕಂಡು ಅದ್ರಲ್ಲಿ ಇದ್ದಿದ್ದನ್ನೇ ಓದ್ತಿದ್ಯಾ?"