ಮೀನು ಹುಡುಕುವ ಪೆಟ್ಟಿಗೆ ಕೊಳ್ಳೇಗಾಲಕ್ಕೆ ಬಂತು

ನೆಟ್ಟಗೆ ನಡೆಯುವ ಕೆಲಸ ನನ್ನ ಪಾಲಿಗೆ ಬಂದದ್ದೇ ಕಡಿಮೆ; ಬಂದದ್ದೂ ನನ್ನ ಕೈಗೆ ಸಿಕ್ಕಮೇಲೆ ಸೊಟ್ಟಗಾಗಿದೆ. ಅರವತ್ತರ ದಶಕದಲ್ಲಿ ಮೀನುಸಾಕಣೆಯ ನೌಕರಿಯ ಮೇಲೆ ಕೊಳ್ಳೇಗಾಲ, ಹನೂರು, ಯಳಂದೂರು ಸುತ್ತುತ್ತಿದ್ದಾಗ ಇಂಥವು ವಾರಕ್ಕೊಂದಾದರೂ ಆಗುತ್ತಿದ್ದವು. ಅವುಗಳಲ್ಲಿ ಒಂದೇ ಒಂದು ಪೆಟ್ಟಿಗೆಯಿಂದ ಆದವನ್ನಷ್ಟೇ ಇಲ್ಲಿ ಹೇಳುತ್ತೇನೆ.

೧. ಚಳಿಗಾಲದ್ದೋ, ಬೇಸಗೆಯದೋ?

ತರಬೇತಿಗೆಂದು ನನ್ನನ್ನು ಕೆನಡಾಕ್ಕೆ ಕಳಿಸಿದ್ದರು. ಅಲ್ಲಿಂದ ಹೊರಡುವ ಹೊತ್ತಿಗೆ ನಮ್ಮ ಸಾಹೇಬರ ಕಾಗದ ಬಂತು: ನೀರಿನೊಳಗೆ ಮೀನು ಎಲ್ಲಿದೆಯೆಂದು ತೋರಿಸುವ, ಕೈಯಲ್ಲಿ ಹಿಡಿದು ಓಡಾಡಬಹುದಾದ ಯಂತ್ರವೊಂದನ್ನು ಆರಿಸಿ ತರಬೇಕು. ಅದು ನಮ್ಮ ಕೆರೆಗಳಲ್ಲಿ ಪಾಸಾದರೆ ಅದರ ಜೊತೆ ಊರೂರು ತಿರುಗುವ ಕೆಲಸ ನನ್ನದು; ಫೇಲಾದರೆ ಕಚೇರಿಯಲ್ಲಿ ಕೂತು ಫೈಲು ಕಟ್ಟುವ ಕೆಲಸ. ಅರ್ಧ ದಿನ ಒಂದೇ ಕಡೆ ಕೂತರೆ ಕಾಲು ಜೋಮು ಹಿಡಿಯುವ ಹೆಂಗಸು ನಾನು. ಕಾಗದ ಓದಿದವಳೇ ಅಂಥ ಯಂತ್ರ ಮಾರುವ ಅಂಗಡಿ ಹುಡುಕಿಕೊಂಡು ಹೊರಟೆ.

ಅಂಗಡಿಯವನು ನನ್ನನ್ನು ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆಸಿಕೊಂಡು ಹೋದ. ಅಲ್ಲಿ ಐಸು ಕೊರೆದು ತೂತು ಮಾಡಿ, ಅದರ ಮುಂದೆ ಮುಕ್ಕಾಲಿ ಹಾಕಿಕೊಂಡು ಜನ ಗಾಳ ಹಿಡಿದು ಕೂತಿದ್ದರು. ಅವನು ಪೆಟ್ಟಿಗೆಯ ವೈರಿನ ತುದಿಯ ಗುಂಡನ್ನು ತೂತಿಗೆ ಇಳಿಬಿಟ್ಟ. ಗಡಿಯಾರದಂಥ ಮುಖದ ಮೇಲೆ ಕೆಂಪು ದೀಪ ಮಿನುಗಿತು. ಒಂದು ಮಿನುಗು ಕೆರೆಯ ತಳ, ಅದಕ್ಕಿಂತ ಮೇಲೆ ಇನ್ನೊಂದು ಮಿನುಗಿದರೆ ಮೀನು.

"ಐಸಿನ ಮೇಲೆ ಹಿಡಿಯೋದಕ್ಕೆ ಬೇರೆ ಪೆಟ್ಟಿಗೆ, ಬೇಸಗೆಯಲ್ಲಿ ದೋಣಿಗೆ ಬೇರೆ ಪೆಟ್ಟಿಗೆ. ಎರಡಕ್ಕೂ ಆಗೋದೂ ಒಂದಿದೆ. ನಿಮಗೆ ಯಾವುದು?" ಅಂದ.

"ನಮ್ಮ ಕಡೆ ಐಸು ಸಿಗೋದು ಸೋಡಾ ಅಂಗಡಿಯಲ್ಲಿ, ಮರದ ಹೊಟ್ಟಿನೊಳಗೆ," ಅಂದೆ.

ಅವನಿಗೆ ನಿಜಕ್ಕೂ ಸಂಕಟವಾಯಿತು. "ಹಾಗಾದರೆ ನೀವು ಕೆರೆಯ ಮೇಲೆ ನಡೆಯೋದೇ ಇಲ್ಲವೆ?"

"ಮೇಲೆ ನಡೆಯೋದಿಲ್ಲ. ಬೇಸಗೆ ಬಂತೆಂದರೆ ಕೆರೆಯೊಳಗೇ ನಡೆದುಕೊಂಡು ಆಚೆ ದಡಕ್ಕೆ ಹೋಗ್ತೀವಿ. ಸೀರೆಯ ಅಂಚು ಕೂಡ ಒದ್ದೆಯಾಗೋದಿಲ್ಲ."

ಅವನು ನನ್ನ ಪಾದಗಳನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಏನನ್ನೂ ಕೇಳದೆ, ಎರಡೂ ಕಾಲಕ್ಕೆ ಆಗುವ ಪೆಟ್ಟಿಗೆಯೊಂದನ್ನು ಬಹಳ ಭಕ್ತಿಯಿಂದ ಕಟ್ಟಿಕೊಟ್ಟ.

೨. ಹನೂರಿನ ಬಸ್ಸು

ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹನೂರಿನ ಬಸ್ಸು ಹತ್ತಿದೆ. ಕಂಡಕ್ಟರು ಬಂದ.

"ಅಮ್ಮಾವ್ರೇ, ರೇಡಿಯೋ ಇಟ್ಕಂಡಿದ್ದೀರಿ. ಲೈಸೆನ್ಸ್ ಅದಾ?"

"ರೇಡಿಯೋ ಅಲ್ಲಪ್ಪ. ಎಲ್ಲಿ ಮೀನು ಅಡಗಿದ್ದರೂ ಕಂಡುಹಿಡಿಯೋ ಯಂತ್ರ."

ನಾನು ಕೊಂಚ ಜಂಬದಿಂದ, ಕೊಂಚ ಗಟ್ಟಿಯಾಗಿಯೇ ಹೇಳಿದೆ ಅನ್ನಿ. ಬಸ್ಸಿನವರೆಲ್ಲ ನನ್ನ ಕಡೆ ತಿರುಗಿದರು. ನನ್ನ ಪಕ್ಕದಲ್ಲಿ ಹೂಗ್ಯಂ ಕಡೆಯ ಮುದುಕಿಯೊಬ್ಬಳು ಮಡಿಲಲ್ಲಿ ಸೊಪ್ಪಿನ ಕುಕ್ಕೆ ಇಟ್ಟುಕೊಂಡಿದ್ದಳು. ಅವಳು ಮೆಲ್ಲಗೆ ಕುಕ್ಕೆಯನ್ನು ಆಚೆ ಸರಿಸಿದಳು. ಪೆಟ್ಟಿಗೆಯನ್ನು ನೋಡಿದಳು. ಮತ್ತೆ ಸರಿಸಿದಳು. ಕೊನೆಗೆ ತಡೆಯಲಾರದೆ ಎದ್ದೇ ಬಿಟ್ಟಳು.

"ಏ ಕಂಡಟ್ರು, ನಿಲ್ಲಿಸಪ್ಪ, ಇಳೀತೀನಿ. ವಾಸನೆ ಒಡೀತದೆ, ಬಸ್ಸಿಗತ್ತಿಸಲ್ಲ ಅಂತೀಯಲ್ಲ, ಅದ್ಕೇ ಸೊಪ್ಪಿನಡೀಲಿ ಮಡಗಿದ್ದೆ. ಒಣಗೋಗಿರೋ ಮೀನು ಕಣಪ್ಪ, ಸತ್ತು ತಿಂಗಳಾಗದೆ. ಅದ್ನೂ ತೋರಿಸ್ಬುಡೋದಾ ಈ ಹಾಳು ಮಿಷಿನ್ನು!"

ಆ ಪೆಟ್ಟಿಗೆ ನನ್ನ ಕೈಯಲ್ಲಿದ್ದಷ್ಟು ಕಾಲದಲ್ಲಿ ಮೀನು ಹಿಡಿದುಕೊಟ್ಟದ್ದು ಅದೊಂದೇ ಸಲ. ಆಗ ನಾನಿನ್ನೂ ಸ್ವಿಚ್ಚನ್ನೇ ಹಾಕಿರಲಿಲ್ಲ.

೩. ಹೊನ್ನೂರಿನ ಬಾವಿ

ಅಡಗಿದ್ದನ್ನು ಕಂಡುಹಿಡಿಯುವ ಯಂತ್ರದ ಸುದ್ದಿ ಯಳಂದೂರಿನ ಕಡೆಗೂ ಹಬ್ಬಿತು. ಹೊನ್ನೂರಿನ ಜಮೀನ್ದಾರರೊಬ್ಬರು ಗಾಡಿ ಕಟ್ಟಿಸಿ ಕಳಿಸಿದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಮೀನಿನ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ಮನೆತನ. ಹೋಳಿಗೆ ಊಟ ಹಾಕಿಸಿ, ನೇರ ಹೊಲಕ್ಕೆ ಕರೆದುಕೊಂಡು ಹೋದರು. ಅಲ್ಲಿ ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಅಂತರ್ಜಲ ನೋಡುವವನೊಬ್ಬ ನನ್ನನ್ನು ಸವತಿಯನ್ನು ನೋಡುವಂತೆ ನೋಡುತ್ತ ನಿಂತಿದ್ದ.

"ಬಾವಿ ತೋಡಿಸ್ಬೇಕು ಕಣವ್ವ," ಅಂದರು ಯಜಮಾನರು. "ಇವ್ನ ಕಾಯಿ ಅಲ್ಲಿ ಎದ್ದು ನಿಂತ್ಕತು. ನಿಮ್ಮ ಮಿಷಿನ್ ಏನನ್ನುತ್ತೆ, ಒಂದ್ಸಲ ನೋಡ್ಬುಡಿ."

"ಯಜಮಾನ್ರೇ, ಇದು ಕೆಲಸ ಮಾಡ್ಬೇಕಾದ್ರೆ ಇದರ ಗುಂಡನ್ನ ನೀರಿನಲ್ಲಿ ಮುಳುಗಿಸ್ಬೇಕು. ನೀರಿಲ್ಲದೆ ಇದು ಏನೂ ತೋರಿಸಲ್ಲ."

ಯಜಮಾನರು ನನ್ನ ಮುಖ ನೋಡಿದರು. "ನೀರಿದ್ದಿದ್ರೆ ನಿಮ್ಮನ್ಯಾಕೆ ಕರೀತಿದ್ದೆ ತಾಯಿ?"

ನಾನು ವೈರನ್ನು ಸುತ್ತಿ ಎತ್ತಿಡತೊಡಗಿದೆ. ತೆಂಗಿನಕಾಯಿಯವನ ಮುಖ ಮಾತ್ರ ಅರಳಿತು.

"ನಂದೇ ವಾಸಿ ಬುಡಿ ಬುದ್ಧಿ," ಅಂದ. "ಸುಳ್ಳಾದ್ರೂ ಕೊನೇಗೆ ಚಟ್ನಿಗಾಯ್ತದೆ."

೪. ಸಾಹೇಬರ ಪರೀಕ್ಷೆ

ಕೊನೆಗೂ ಆ ದಿನ ಬಂತು. ಕೊಳ್ಳೇಗಾಲದ ಹತ್ತಿರದ ಒಂದು ಕೆರೆ. ಊರಿನ ಹೆಸರು ಬೇಡ. ಸಾಹೇಬರು ಜೀಪಿನಲ್ಲಿ ಬಂದಿಳಿದು, "ಸಂಜೆಯೊಳಗೆ ಇದು ಮೀನು ತೋರಿಸದಿದ್ದರೆ ನಾಳೆಯಿಂದ ನೀವು ಆಫೀಸಿಗೆ ಬನ್ನಿ," ಅಂದರು. ನಾವಿಬ್ಬರೂ ಹರಿಗೋಲಿನಲ್ಲಿ ಕೂತೆವು. ಹುಟ್ಟು ಹಾಕುತ್ತಿದ್ದವನು ಆ ಊರಿನ ಹಿರಿಯ ಬೆಸ್ತ, ಎಲ್ಲರೂ ತಾತ ಎನ್ನುತ್ತಿದ್ದರು. ಬಲೆಯವರು ಹಿಂದೆ ಇನ್ನೊಂದು ಹರಿಗೋಲಿನಲ್ಲಿ.

ಎರಡು ಗಂಟೆ ಸುತ್ತಿದೆವು. ದೀಪ ಕೆರೆಯ ತಳವನ್ನೇ ತೋರಿಸುತ್ತಿತ್ತು, ಮೀನು ಒಂದೂ ಇಲ್ಲ. ಸಾಹೇಬರು ಗಡಿಯಾರ ನೋಡತೊಡಗಿದರು. ನನ್ನ ಕಣ್ಣ ಮುಂದೆ ಫೈಲುಗಳ ರಾಶಿ. ಆಗ ಗಮನಿಸಿದೆ, ತಾತ ತೂಬಿನ ಪಕ್ಕದ ಮೂಲೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಸುತ್ತಿಸಿದ್ದ.

"ತಾತ, ಆ ಮೂಲೆಗೆ ಹೋಗೋಣ."

"ಅಲ್ ಬ್ಯಾಡ ಕಣವ್ವ. ಸುಳಿ ಅದೆ."

"ಕೆರೆಯಲ್ಲಿ ಸುಳಿಯೆ?"

"ಅಂಗಾರೆ ಮೊಸಳೆ ಅದೆ ಅನ್ಕಳಿ."

ಮುದುಕನಿಗೆ ಯಂತ್ರದ ಮೇಲೆ ಹೊಟ್ಟೆಕಿಚ್ಚು ಎಂದುಕೊಂಡು ನಾನೇ ಹುಟ್ಟು ಕಿತ್ತುಕೊಂಡು ಆ ಕಡೆಗೆ ತಿರುಗಿಸಿದೆ. ಗುಂಡು ಇಳಿಬಿಟ್ಟದ್ದೇ ತಡ, ತಳಕ್ಕಿಂತ ಆಳುದ್ದ ಮೇಲೆ ಕೆಂಪು ದೀಪ ಝಗ್ಗೆಂದು ಹೊತ್ತಿತು! ಮಾರು ಮುಂದೆ ಹೋದರೆ ಮತ್ತೊಂದು. ಸಾಲಾಗಿ ಆರು. ಒಂದೂ ಮಿಸುಕುತ್ತಿಲ್ಲ.

"ನಿದ್ದೆ ಮಾಡ್ತಿವೆ! ಸದ್ದು ಮಾಡಬೇಡಿ," ಎಂದು ಸಾಹೇಬರು ಪಿಸುಗುಟ್ಟಿ ಬಲೆಯವರಿಗೆ ಕೈಸನ್ನೆ ಮಾಡಿದರು. ಬಲೆಯವರು ತಾತನ ಮುಖ ನೋಡಿದರು. ತಾತ ಆಕಾಶ ನೋಡಿದ. ಸಾಹೇಬರು ಗದರಿದ ಮೇಲೆ ಬಲೆ ಬಿತ್ತು.

ಎಳೆದರೆ, ಕಪ್ಪಗೆ, ದಪ್ಪಗೆ, ನುಣ್ಣಗೆ ಆರು ಲಾರಿ ಟ್ಯೂಬುಗಳು. ಒಂದೊಂದಕ್ಕೂ ಹಗ್ಗ, ಹಗ್ಗದ ತುದಿಗೆ ಕಲ್ಲು. ಸಾಹೇಬರು ಒಂದರ ಕಟ್ಟು ಬಿಚ್ಚಿ ಮೂಸಿ, ತಟ್ಟನೆ ಮೂಗು ಹಿಂದಕ್ಕೆಳೆದುಕೊಂಡರು. ಭಟ್ಟಿ ಸಾರಾಯಿ! ಪಾನನಿರೋಧದ ಕಾಲ ಅದು. ದಡದ ಮೇಲೆ ತಮಾಷೆ ನೋಡುತ್ತಿದ್ದ ಜನ ಕಣ್ಣುಮಿಟುಕಿಸುವುದರೊಳಗೆ ಮಾಯ.

ಸಾಹೇಬರು ನನ್ನ ಕಡೆ ತಿರುಗಿದರು. "ಮೀನು ಯಾವುದು, ಟ್ಯೂಬು ಯಾವುದು ಅಂತ ತಿಳಿಯದ ಯಂತ್ರ! ನಾಳೆ ಹತ್ತು ಗಂಟೆಗೆ ಆಫೀಸಿಗೆ ಬನ್ನಿ."

ನನ್ನ ಕಣ್ಣಲ್ಲಿ ನೀರು ತುಂಬಿತು. ಅದನ್ನು ಕಂಡು ತಾತನಿಗೆ ತಡೆಯಲಾಗಲಿಲ್ಲ.

"ಅವ್ವನ್ನ ಬಯ್ಬೇಡಿ ಸಾ. ಮಿಷಿನ್ದೂ ತಪ್ಪಿಲ್ಲ. ಮೀನಿದ್ರೆ ಬಲೆಯೋರು ಬಂದ್ಬುಡ್ತಾರೆ ಅಂತ, ಮೀನೇ ಇಲ್ದಿರೋ ಕೆರೆ ನೋಡ್ಕಂಡು ತಾನೇ ನಾವು ಇಲ್ ಮಡಗಿದ್ದು!"

ಅಂದಮೇಲೆ ತಾನೇನಂದೆ ಎಂದು ತಾತನಿಗೆ ಹೊಳೆಯಿತು. ಬಾಯಿಗೆ ಕೈ ಅಡ್ಡ ಹಿಡಿದ. ಸಾಹೇಬರು ಎಷ್ಟು ನಕ್ಕರೆಂದರೆ ಹರಿಗೋಲು ಎರಡು ಸುತ್ತು ಸುತ್ತಿತು. ನಗು ನಿಂತ ಮೇಲೆ ಅಲ್ಲೇ ವರದಿ ಬರೆದರು: 'ಯಂತ್ರ ತೋರಿಸಿದ ಆರು ಕಡೆಯೂ ವಸ್ತು ಸಿಕ್ಕಿತು. ಪಾಸು. ಮೀನಿರುವ ಕೆರೆಗಳಿಗೆ ಇವರೇ ಕೊಂಡೊಯ್ಯಲಿ.' ನನಗೆ ಹೋದ ಜೀವ ಬಂದಂತಾಯಿತು.

ಸಾಕ್ಷಿಗೆ ತಾತನ ಹೆಬ್ಬೆಟ್ಟು ಒತ್ತಿಸಿದರು. ತಾತ ಮಸಿಯನ್ನು ಪಂಚೆಗೆ ಒರೆಸಿಕೊಂಡು, ಟ್ಯೂಬುಗಳನ್ನು ಆಸೆಯಿಂದ ನೋಡುತ್ತ ಕೇಳಿದ:

"ಅಲ್ಲಾ ಸಾ, ಕೆರೇಲಿ ಏನ್ ಸಿಕ್ಕುದ್ರೂ ಬಲೆ ಎಳ್ದೋರ್ಗೆ ಅರ್ಧ ಪಾಲು ಅನ್ನೋದು ನಮ್ಮೂರ ಪದ್ಧತಿ. ಅಂಗಾರೆ ನಮ್ಮ ಮೂರು ಮೀನ ನಾವು ತಕಂಡೋಗ್ಲಾ?"