ಹರಕೆಯ ಹೇಂಟೆಗಳ ಕಾವಲುಗಾರ

ಕೋಳಿ ಎಂದರೆ ತಟ್ಟೆಯಲ್ಲಿ ಬರುವ ಪದಾರ್ಥ ಎಂದಷ್ಟೇ ನಾನು ತಿಳಿದಿದ್ದೆ. ಅದಕ್ಕೆ ನಾನು ಮಾಡಿದ ಸೇವೆ ಏನಾದರೂ ಇದ್ದರೆ, ಅದರ ಸಾರಿನಲ್ಲಿ ರೊಟ್ಟಿಯನ್ನು ಹದವಾಗಿ ನೆನೆಸಿದ್ದು. ಇಂಥವನ ಪಾಲಿಗೆ ಕೋಳಿ ಕಾಯುವ ಕೆಲಸ ಬಂತೆಂದರೆ ಲೋಕದಲ್ಲಿ ಇನ್ನೂ ನ್ಯಾಯ ಉಳಿದಿದೆ ಎಂದೇ ಅರ್ಥ.

ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ವರ್ಷ ಅದು. ಕುವೈತ್ ನಗರದ ಶರ್ಕ್ ಬಡಾವಣೆಯಲ್ಲಿದ್ದ ನನ್ನ ಆಫೀಸಿಗೆ ಬೀಗ ಬಿದ್ದಿತ್ತು. ರಜೆಗೆಂದು ಹೊರದೇಶಕ್ಕೆ ಹೋದ ಕಫೀಲ್, ಅಂದರೆ ನಮಗೆ ವೀಸಾ ಕೊಟ್ಟ ಅರಬ್ ಧಣಿ, ಅಲ್ಲೇ ಉಳಿದ, ನಮ್ಮ ಪಾಸ್‌ಪೋರ್ಟುಗಳು ಅವನ ಲಾಕರಿನಲ್ಲಿ ಉಳಿದವು, ನಾವು ಖೈತಾನಿನ ಬಾಡಿಗೆ ಮನೆಯಲ್ಲಿ ಉಳಿದೆವು. ಪಕ್ಕದ ಮನೆಯ ಈಜಿಪ್ಟಿನವರು ಊರಿಗೆ ಹೊರಡುವಾಗ ತಮ್ಮ ಮೂರು ಹೇಂಟೆಗಳನ್ನು ನಮ್ಮ ಕೈಯಗಲದ ಹಿತ್ತಿಲಿಗೆ ಬಿಟ್ಟುಹೋದರು. ನಮಗೆ ಅದು ದೊಡ್ಡ ಭಾಗ್ಯ. ಹಾಲಿನಪುಡಿ ಮುಗಿಯುತ್ತಾ ಬಂದಿತ್ತು. ಪುಟ್ಟ ಮಗಳು ದೀಪಾ ಅಲ್ಲಿನ ಖುಬ್ಬೂಸ್ ರೊಟ್ಟಿ ತೋರಿಸಿದರೆ "ನೋ" ಎಂದು ಮುಖ ತಿರುಗಿಸುತ್ತಿದ್ದಳು. ತಕರಾರಿಲ್ಲದೆ ಅವಳು ತಿನ್ನುತ್ತಿದ್ದುದು ಮೊಟ್ಟೆಯೊಂದನ್ನೇ.

ಆದರೆ ಜನ ಊರು ಬಿಟ್ಟ ಮೇಲೆ ಕಸದ ಡಬ್ಬಿಗಳೂ ಬರಿದಾಗಿ, ಖೈತಾನಿನ ಬೆಕ್ಕುಗಳೆಲ್ಲ ನಮ್ಮ ಗೋಡೆಯ ಮೇಲೆ ಸಭೆ ಸೇರತೊಡಗಿದವು. ಅವು ಹೇಂಟೆಗಳನ್ನು ನೋಡುತ್ತಿದ್ದ ರೀತಿ ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು, ಏಕೆಂದರೆ ನಾನೂ ಹಾಗೆಯೇ ನೋಡುತ್ತಿದ್ದೆ. ಬೇಳೆ ತಿಂದು ತಿಂದು ನಾಲಿಗೆ ಸತ್ತಿತ್ತು. ಒಂದು ದಿನ ಹೆಂಡತಿ ಸುಮತಿಯ ಹತ್ತಿರ, ಮಗುವಿಗೆ ಎರಡು ಹೇಂಟೆಯ ಮೊಟ್ಟೆ ಸಾಕಲ್ಲವೇ ಎಂದು ಮೆಲ್ಲಗೆ ಪೀಠಿಕೆ ಹಾಕಿದೆ. ಅವಳು ತಲೆಯೆತ್ತದೆ, "ಮುಟ್ಟಬೇಡಿ ಮಾರಾಯ್ರೆ, ಮೂರನ್ನೂ ನಿಮ್ಮ ಮನೆಯ ದೈವಕ್ಕೆ ಹರಕೆ ಹೇಳಿ ಇಟ್ಟಿದ್ದೇನೆ" ಎಂದಳು.

ದೈವದ ಹೆಸರು ಬಂದ ಮೇಲೆ ತುಳುವನಿಗೆ ಬಾಯಿ ಎಲ್ಲಿಯದು? ಹರಕೆಯ ಕೋಳಿ ಬೆಕ್ಕಿನ ಪಾಲಾದರೆ ದೈವ ಲೆಕ್ಕ ಕೇಳುವುದು ಬೆಕ್ಕನ್ನಲ್ಲ, ನನ್ನನ್ನು. ಆವತ್ತಿನಿಂದ ನಾನು ಪ್ಲಾಸ್ಟಿಕ್ ಕುರ್ಚಿ, ಕೋಲು, ಒಂದು ಬಕೆಟ್ ನೀರಿನೊಂದಿಗೆ ಹಿತ್ತಿಲಿನಲ್ಲೇ ಠಿಕಾಣಿ ಹೂಡಿದೆ. ಹಣ್ಣಿನ ಪೆಟ್ಟಿಗೆಗಳನ್ನು ಒಡೆದು ಗೂಡು ಕಟ್ಟಿದೆ. ಕುಂಟುಗಾಲಿನ ಕೆಂಚು ಬೆಕ್ಕೊಂದು ಮರುದಿನವೇ ಒಳನುಗ್ಗಿ, ಒಂದು ಹೇಂಟೆಯ ಬಾಲದ ಪುಕ್ಕ ಕಿತ್ತುಕೊಂಡು ಹೋಯಿತು.

ಕೊನೆಗೆ ಸಹಾಯಕ್ಕೆ ಬಂದವರು ಎದುರುಮನೆಯ ಬಸವರಾಜ್. ಧಾರವಾಡದ ಕಡೆಯವರು, ಎಸಿ ರಿಪೇರಿಯವರು, ಮೊಟ್ಟೆಯನ್ನೂ ಮುಟ್ಟದವರು. ಗೂಡಿನ ಸುತ್ತ ಒಂದು ಪ್ರದಕ್ಷಿಣೆ ಬಂದು, "ಬಾಗ್ಲಾ ಗಟ್ಟಿ ಮಾಡೀರಿ, ಖರೇ. ಬೆಕ್ಕು ಬಾಗ್ಲದಾಗ ಬರಂಗಿಲ್ರೀ, ಸಂದ್ಯಾಗ ಬರ್ತೈತಿ" ಎಂದರು. ಹಳೆಯ ಎಸಿಯ ಕಬ್ಬಿಣದ ಜಾಲರಿಗಳನ್ನು ತಂದು ಸಂದಿಗಳನ್ನೆಲ್ಲ ಮುಚ್ಚಿಕೊಟ್ಟರು. ಅಲ್ಲಿಂದ ಮುಂದೆ ಬೆಕ್ಕುಗಳು ಹೊರಗೆ, ಹೇಂಟೆಗಳು ಒಳಗೆ, ನಾನು ಮಧ್ಯದಲ್ಲಿ. ದೀಪಾಳ ಕೆನ್ನೆ ತುಂಬಿಕೊಂಡಿತು. ಅದನ್ನು ನೋಡುವಾಗ, ಇದೆಲ್ಲ ಒಂದು ದಿನ ಮುಗಿಯುತ್ತದೆ ಎಂದು ನನಗೂ ಧೈರ್ಯ ಬರುತ್ತಿತ್ತು.

ಮುಗಿಯಿತು ಕೂಡ. ಸೈನ್ಯ ಹೋಯಿತು. ಎಣ್ಣೆಬಾವಿಗಳ ಹೊಗೆಯಿಂದ ಆಕಾಶ ಕಪ್ಪಾಗಿದ್ದರೂ ಊರಿಗೆ ಫೋನು ಸಿಕ್ಕಿತು. ಎಲ್ಲರೂ ಸೌಖ್ಯ ಎಂದು ಅಣ್ಣನಿಗೆ ತಿಳಿಸಿ, ಮೂರು ಹೇಂಟೆಯ ಹರಕೆಯೊಂದು ಬಾಕಿಯಿದೆ, ಇಲ್ಲಿಂದ ತರಲಾಗುವುದಿಲ್ಲ, ಅಲ್ಲೇ ಬದಲಿ ಕೊಡಬಹುದೇ ಎಂದು ವಿಚಾರಿಸಿದೆ.

ಅಣ್ಣ ಕೇಳಿದ, "ಹೇಂಟೆಯಾ? ನಮ್ಮ ದೈವಕ್ಕೆ ಹುಂಜ ಅಲ್ಲವಾ ಮಾರಾಯ? ಹೇಂಟೆ ಯಾವತ್ತು ಕೊಟ್ಟದ್ದುಂಟು?"

ನಾನು ಫೋನು ಹಿಡಿದುಕೊಂಡೇ ಸುಮತಿಯ ಕಡೆ ತಿರುಗಿ, ದೈವಕ್ಕೆ ಹೇಂಟೆ ಕೊಡುವ ಕ್ರಮವೇ ಇಲ್ಲವಂತೆ ಎಂದೆ. ಅವಳು ದೀಪಾಳ ಜಡೆ ಹೆಣೆಯುತ್ತಲೇ ಹೇಳಿದಳು:

"ಬೆಕ್ಕನ್ನು ನೀವು ನೋಡಿಕೊಳ್ತೀರಿ ಅಂತ ಗೊತ್ತಿತ್ತು. ನಿಮ್ಮನ್ನು ನೋಡಿಕೊಳ್ಳಲಿಕ್ಕೆ ಯಾರಾದರೂ ಬೇಕಲ್ಲ?"

ನನ್ನ ಹೆಸರಿನಲ್ಲಿ ಒಂದು ಹುಂಜ ಕೊಟ್ಟುಬಿಡು ಎಂದು ಅಣ್ಣನಿಗೆ ಹೇಳಿದೆ. ಯಾವ ಲೆಕ್ಕದಲ್ಲಿ ಎಂದು ಅವನು ಕೇಳಿದ. ಇಷ್ಟು ತಿಂಗಳು ನನ್ನ ಬಾಯಿ ಕಟ್ಟಿದ ಲೆಕ್ಕದಲ್ಲಿ ಎನ್ನಬೇಕಿತ್ತು. ಸುಮತಿ ಕೇಳಿಸಿಕೊಳ್ಳುತ್ತಿದ್ದುದರಿಂದ, ಎಲ್ಲರೂ ಸೌಖ್ಯವಾಗಿದ್ದೇವಲ್ಲ, ಅದಕ್ಕೆ ಎಂದೆ.